ತಲೆಗೆ ಹುಳ ಬಿಟ್ಟ ‘ಟೆನೆಟ್’: ಓದುಗರ ಪ್ರಶ್ನೆ, ನಮ್ಮ ಉತ್ತರ

ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಅವರ ಇಂಗ್ಲಿಷ್ ಚಿತ್ರ ‘ಟೆನೆಟ್’ ತೆರೆಗೆ ಬಂದಿದ್ದು 2020ರಲ್ಲಿ. ಅದರ ಮೇಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಬರುವ ಪತ್ರಗಳಲ್ಲಿ ಹೊಗಳಿಕೆಯಷ್ಟೇ ಬೈಗುಳವೂ ಇರುತ್ತದೆ. ಹೊಗಳಿದವರೂ ಕೊನೆಗೆ ‘ಅದೊಂದು ಸೀನ್ ಮಾತ್ರ ಅರ್ಥವಾಗಲಿಲ್ಲ’ ಎಂದು ಸೇರಿಸಿರುತ್ತಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದು ಎಚ್ಚರಿಕೆ: ಮೊದಲ ಎರಡು ಉತ್ತರ ದಾಟಿದ ಮೇಲೆ ಕಥೆಯ ಗುಟ್ಟೆಲ್ಲ ರಟ್ಟಾಗುತ್ತದೆ. ಸಿನಿಮಾ ಇನ್ನೂ ನೋಡದವರು ಅಲ್ಲಿಗೇ ಪುಟ ತಿರುಗಿಸಿ.

ಪ್ರ: ಈ ಸಿನಿಮಾದಿಂದ ನಮ್ಮ ಮನೆಯಲ್ಲಿ ಜಗಳವೇ ಆಗಿದೆ. ಮಗ ‘ಇಂಥದ್ದು ಇನ್ನೊಂದು ಬಂದಿಲ್ಲ’ ಅಂತಾನೆ. ನನಗೆ ಒಂದು ಗಂಟೆಗೇ ತೂಕಡಿಕೆ ಬಂತು. ಯಾರು ಸರಿ? (ಹಾಸನದಿಂದ)

ಉ: ನೀವಿಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿಲ್ಲ ಎನ್ನುವುದು ನಮ್ಮ ಅನುಮಾನ. ‘ಟೆನೆಟ್’ ಮೇಲಿನ ತಕರಾರುಗಳನ್ನು ಬಿಡಿಸಿ ನೋಡಿದರೆ ಒಳಗೆ ಮೂರು ಬೇರೆ ಬೇರೆ ದೂರುಗಳಿರುತ್ತವೆ. ಮಾತು ಕೇಳಿಸಲಿಲ್ಲ ಎನ್ನುವುದು ಒಂದು. ಕೇಳಿಸಿದರೂ ಏನು ನಡೆಯುತ್ತಿದೆ ಗೊತ್ತಾಗಲಿಲ್ಲ ಎನ್ನುವುದು ಇನ್ನೊಂದು. ಗೊತ್ತಾದರೂ ಮನಸ್ಸಿಗೆ ತಟ್ಟಲಿಲ್ಲ ಎನ್ನುವುದು ಮೂರನೆಯದು. ಮೊದಲನೆಯದಕ್ಕೆ ಮದ್ದು ಟಿವಿ ಸೆಟ್ಟಿಂಗ್ಸ್‌ನಲ್ಲಿದೆ, ಎರಡನೆಯದಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಮೂರನೆಯದಕ್ಕೆ ಮದ್ದಿಲ್ಲ. ಅದು ಚಿತ್ರಕಥೆಯಲ್ಲೇ ಇರುವ ಕೊರತೆ, ಹತ್ತು ಸಲ ನೋಡಿದರೂ ತುಂಬುವುದಿಲ್ಲ.

ಮೂರನೆಯದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ನಾಯಕನಿಗೆ ಹೆಸರೇ ಇಲ್ಲ, ಅವನನ್ನು ‘ಪ್ರೊಟಾಗನಿಸ್ಟ್’ ಎಂದಷ್ಟೇ ಕರೆಯುತ್ತಾರೆ. ಅವನ ಮನೆ ಎಲ್ಲಿ, ಅವನಿಗೆ ಯಾರಿದ್ದಾರೆ, ಒಂದೂ ತಿಳಿಯುವುದಿಲ್ಲ. ನಾಯಕಿ ಕ್ಯಾಟ್‌ಗೆ ಇರುವುದು ಒಂದೇ ಚಿಂತೆ, ‘ನನ್ನ ಮಗ’. ಆದರೆ ಆ ಮಗ ಮ್ಯಾಕ್ಸ್ ನೆಟ್ಟಗೆ ನಾಲ್ಕು ಮಾತಾಡುವ ದೃಶ್ಯವೂ ಇಲ್ಲ, ಹೆಚ್ಚಾಗಿ ದೂರದಿಂದಲೋ ಬೆನ್ನ ಕಡೆಯಿಂದಲೋ ಕಾಣುತ್ತಾನೆ. ನೋಲನ್ ಅವರದೇ ‘ಇಂಟರ್‌ಸ್ಟೆಲ್ಲಾರ್’ ಚಿತ್ರದಲ್ಲಿ ವಿಜ್ಞಾನ ತಲೆ ಮೇಲಿಂದ ಹೋದರೂ ಅಪ್ಪ-ಮಗಳ ಕಥೆ ಹಿಡಿದು ಕೂರಿಸುತ್ತದೆ. ಇಲ್ಲಿ ಆ ಹಿಡಿಕೆ ಇಲ್ಲ. ಲೆಕ್ಕ ಬಿಡಿಸುವುದರಲ್ಲೇ ಖುಷಿ ಕಾಣುವ ನಿಮ್ಮ ಮಗನಿಗೆ ಅದು ಬೇಕಾಗಿಲ್ಲ, ನಿಮಗೆ ಬೇಕು. ನಿಮ್ಮ ದೂರು ನ್ಯಾಯವಾದದ್ದೇ.

ಹೊರದೇಶಗಳಲ್ಲೂ ಆಗಿದ್ದು ಇದೇ. ಅಮೆರಿಕದಲ್ಲಿ ಬಿಡುಗಡೆಯ ದಿನ ಪ್ರೇಕ್ಷಕರಿಂದ ಅಂಕ ಕೇಳುವ ಸಿನಿಮಾಸ್ಕೋರ್‌ನಲ್ಲಿ ಇದಕ್ಕೆ ಸಿಕ್ಕಿದ್ದು ‘ಬಿ’. ಅದೇ ಚಿತ್ರಕ್ಕೆ ಮರುವರ್ಷ ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲಿ ಆಸ್ಕರ್ ಬಂತು. ಬಿಡುಗಡೆಯಾದ ಗಳಿಗೆಯೂ ಕೆಟ್ಟದ್ದೇ: ಕೋವಿಡ್‌ನಿಂದಾಗಿ ಮುಂದೂಡುತ್ತ ಹೋಗಿ ಆಗಸ್ಟ್ ಕೊನೆಗೆ ಯುರೋಪಿನಲ್ಲಿ, ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ, ಡಿಸೆಂಬರ್ 4ಕ್ಕೆ ಭಾರತದಲ್ಲಿ ಬಂತು. ಆಗ ನಮ್ಮ ಥಿಯೇಟರ್‌ಗಳಲ್ಲಿ ಅರ್ಧ ಸೀಟಿಗಷ್ಟೇ ಅನುಮತಿ. ಹಾಗಾಗಿ ಹೆಚ್ಚಿನವರು ಇದನ್ನು ಮೊದಲು ನೋಡಿದ್ದೇ ಮನೆಯ ಟಿವಿಯಲ್ಲಿ ಅಥವಾ ಮೊಬೈಲ್‌ನಲ್ಲಿ. ಐಮ್ಯಾಕ್ಸ್ ಎಂಬ ದೈತ್ಯ ಪರದೆಗೆಂದು ಮಾಡಿದ ಚಿತ್ರ ಅಂಗೈಯಗಲದಲ್ಲಿ ಬಡವಾಗುವುದು ಸಹಜ. ಜಗಳಕ್ಕೆ ಅದೂ ಒಂದು ಕಾರಣ.

ಪ್ರ: ಮಾತೇ ಕೇಳಿಸಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಗುಂಡಿನ ಸದ್ದಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ನಮ್ಮ ಟಿವಿ ಕೆಟ್ಟಿದೆಯಾ? (ದಾವಣಗೆರೆಯಿಂದ)

ಉ: ಟಿವಿ ಕೆಟ್ಟಿಲ್ಲ. ಈ ದೂರು ಲಂಡನ್ನಿನ ಥಿಯೇಟರ್‌ಗಳಲ್ಲೂ ಕೇಳಿಬಂದಿತ್ತು. ನೋಲನ್ ಶೂಟಿಂಗ್ ಜಾಗದಲ್ಲೇ ಹಿಡಿದ ಮಾತನ್ನು ಉಳಿಸಿಕೊಳ್ಳುತ್ತಾರೆ, ಸ್ಟುಡಿಯೋದಲ್ಲಿ ಮತ್ತೆ ಡಬ್ ಮಾಡಿಸುವುದು ಅವರಿಗೆ ಇಷ್ಟವಿಲ್ಲ. ಐಮ್ಯಾಕ್ಸ್ ಕ್ಯಾಮೆರಾ ಓಡುವಾಗ ದೊಡ್ಡ ಸದ್ದು ಮಾಡುತ್ತದೆ. ಇದರ ಮೇಲೆ ಪಾತ್ರಗಳ ಮುಖಕ್ಕೆ ಆಮ್ಲಜನಕದ ಮಾಸ್ಕ್ ಬೇರೆ. ಲುಡ್ವಿಗ್ ಯೋರಾನ್ಸನ್ ಅವರ ಸಂಗೀತದ ಕೆಳಸ್ವರ ಮಾತಿನ ಮೇಲೇ ಬಂದು ಕೂರುತ್ತದೆ. ಇದು ಕೈತಪ್ಪಿ ಆದದ್ದಲ್ಲ. ‘ಇಂಟರ್‌ಸ್ಟೆಲ್ಲಾರ್’ ಸಮಯದಲ್ಲೇ ನೋಲನ್, ಕೆಲವು ಕಡೆ ಮಾತನ್ನೂ ಒಂದು ಸದ್ದಿನಂತೆಯೇ ಬಳಸುತ್ತೇನೆ ಎಂದು ಹೇಳಿಕೊಂಡಿದ್ದರು.

ಮನೆಯಲ್ಲಿ ತೊಂದರೆ ಹೆಚ್ಚಾಗುವುದಕ್ಕೆ ಬೇರೆ ಕಾರಣವಿದೆ. ಸಿನಿಮಾದ ಧ್ವನಿಯಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರ್‌ನಿಂದ, ಅಂದರೆ ಸೆಂಟರ್ ಚಾನೆಲ್‌ನಿಂದ ಬರುತ್ತದೆ. ಟಿವಿಯಲ್ಲಿ ಇರುವುದು ಎರಡೇ ಸ್ಪೀಕರ್. ಐದು ಚಾನೆಲ್‌ನ ಸದ್ದನ್ನು ಎರಡಕ್ಕೆ ಇಳಿಸುವಾಗ ಮಾತು, ಸಂಗೀತ, ಸ್ಫೋಟ ಎಲ್ಲವೂ ಒಂದೇ ಬಾಯಿಂದ ಬರಬೇಕಾಗುತ್ತದೆ. ಥಿಯೇಟರ್‌ನ ಒಂದೊಂದು ಚಾನೆಲ್ 105 ಡೆಸಿಬೆಲ್ ತನಕ ಏರಬಲ್ಲದು. ಮನೆಯಲ್ಲಿ ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೆ ಪಿಸುಮಾತಿಗೂ ಸ್ಫೋಟಕ್ಕೂ ಇರುವ ಅಂತರ ಮಾತ್ರ ಹಾಗೇ ಉಳಿದಿರುತ್ತದೆ.

ಈ ಕ್ರಮದಲ್ಲಿ ಮಾಡಿ ನೋಡಿ. ಮೊದಲು ಟಿವಿಯ ಸೌಂಡ್ ಮೆನುವಿನಲ್ಲಿ ‘ಸರೌಂಡ್’, ‘ವರ್ಚುವಲ್’, ‘ಥ್ರೀಡಿ’ ಅಂತ ಏನಿದ್ದರೂ ಆಫ್ ಮಾಡಿ. ಇವು ಸದ್ದನ್ನು ಅಗಲಿಸಲು ಹೋಗಿ ಮಾತನ್ನು ತೆಳು ಮಾಡುತ್ತವೆ. ಬಹಳ ಜನ ತಪ್ಪು ಮಾಡುವುದು ಇಲ್ಲೇ, ‘ಸಿನಿಮಾ’ ಮೋಡ್ ಹಾಕಿದರೆ ಚೆನ್ನಾಗಿರುತ್ತದೆ ಅಂದುಕೊಳ್ಳುತ್ತಾರೆ. ಆಮೇಲೆ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಸೆಟ್‌ಟಾಪ್ ಬಾಕ್ಸ್‌ನ ಆಡಿಯೋ ಔಟ್‌ಪುಟ್ ‘ಆಟೋ’ ಅಥವಾ ‘ಡಾಲ್ಬಿ’ ಇದ್ದರೆ ‘ಸ್ಟೀರಿಯೋ’ ಅಥವಾ ‘ಪಿಸಿಎಂ’ಗೆ ಬದಲಿಸಿ. ಮೂರನೆಯದಾಗಿ ‘ನೈಟ್ ಮೋಡ್’ ಆನ್ ಮಾಡಿ, ಕೆಲವು ಕಂಪನಿಗಳು ಇದನ್ನೇ ‘ಡಿಆರ್‌ಸಿ’ ಎಂದು ಬರೆದಿರುತ್ತವೆ. ಇದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುತ್ತದೆ. ಪಕ್ಕದ ಮನೆಯವರ ಕಾಟ ತಪ್ಪುವುದು ಇದರಿಂದಲೇ.

ಬೇರೆ ಆಂಪ್ಲಿಫೈಯರ್, ಐದು ಸ್ಪೀಕರ್ ಇದ್ದವರಿಗೆ ಇನ್ನೂ ಸುಲಭ. ಸೆಂಟರ್ ಚಾನೆಲ್ 3 ಡೆಸಿಬೆಲ್ ಏರಿಸಿ, ಕೆಳಸ್ವರದ ಸ್ಪೀಕರ್ ಆದ ಸಬ್‌ವೂಫರ್ 3 ಡೆಸಿಬೆಲ್ ಇಳಿಸಿ. ಅದಕ್ಕಿಂತ ಹೆಚ್ಚು ಏರಿಸಿದರೆ ಮಾತು ಪರದೆಯಿಂದ ಕಿತ್ತು ಬಂದ ಹಾಗೆ ಕೇಳಿಸುತ್ತದೆ. ಸೆಂಟರ್ ಸ್ಪೀಕರನ್ನು ಟಿವಿ ಸ್ಟ್ಯಾಂಡಿನ ಒಳಗೆ ತುರುಕಿದ್ದರೆ ಮೊದಲು ಅದನ್ನು ಹೊರಗೆಳೆದು ಅಂಚಿಗೆ ಇಡಿ, ಸೆಟ್ಟಿಂಗ್ಸ್ ವಿಚಾರ ಆಮೇಲೆ.

ಇಷ್ಟೆಲ್ಲ ಮಾಡಿದರೂ ಕೆಲವು ದೃಶ್ಯಗಳು ದಕ್ಕುವುದಿಲ್ಲ. ಸಮುದ್ರದಲ್ಲಿ ಹಾಯಿದೋಣಿ ಓಡಿಸುತ್ತ ಆಡುವ ಮಾತು, ಮಾಸ್ಕ್ ಹಾಕಿಕೊಂಡು ಕೊಡುವ ಸೂಚನೆಗಳು ಅಂಥವು. ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಇಂಗ್ಲಿಷ್ ಚೆನ್ನಾಗಿ ಬರುವವರೂ ಈ ಚಿತ್ರಕ್ಕೆ ಹಾಕಿಕೊಂಡೇ ನೋಡುತ್ತಾರೆ.

ಪ್ರ: ಗುಂಡು ಗೋಡೆಯಿಂದ ಹೊರಟು ಗನ್ನಿನೊಳಗೆ ಹೋಗುತ್ತದಲ್ಲ, ಅದು ಟೈಮ್ ಟ್ರಾವೆಲ್ಲಾ? (ಶಿವಮೊಗ್ಗದಿಂದ)

ಉ: ನಾವು ಬೇರೆ ಚಿತ್ರಗಳಲ್ಲಿ ನೋಡಿದ ಬಗೆಯದ್ದಲ್ಲ. ಅಲ್ಲೆಲ್ಲ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ನೆಗೆತ. ಇಲ್ಲಿ ನೆಗೆತವಿಲ್ಲ. ಬಸ್ಸು ಯೂ-ಟರ್ನ್ ಹೊಡೆದು ಬಂದ ದಾರಿಯಲ್ಲೇ, ಬಂದಷ್ಟೇ ವೇಗದಲ್ಲಿ ವಾಪಸ್ ಹೋದ ಹಾಗೆ. ಆ ಯೂ-ಟರ್ನ್ ಹೊಡೆಸುವ ಯಂತ್ರಕ್ಕೆ ಚಿತ್ರದಲ್ಲಿ ‘ಟರ್ನ್‌ಸ್ಟೈಲ್’ ಎನ್ನುತ್ತಾರೆ. ಒಂದು ಕಡೆಯಿಂದ ಒಳಹೊಕ್ಕವನು ಇನ್ನೊಂದು ಕಡೆಯಿಂದ ‘ಇನ್ವರ್ಟ್’ ಆಗಿ, ಅಂದರೆ ಕಾಲದಲ್ಲಿ ಹಿಮ್ಮುಖನಾಗಿ ಹೊರಬರುತ್ತಾನೆ. ಅವನಿಗೆ ಅವನು ಸರಿಯಾಗಿಯೇ ನಡೆಯುತ್ತಿದ್ದಾನೆ, ಲೋಕವೇ ಹಿಂದಕ್ಕೆ ಓಡುತ್ತಿದೆ. ಲೋಕದ ಕಣ್ಣಿಗೆ ಅವನೇ ಹಿಂದಕ್ಕೆ ನಡೆಯುವವನು.

ಲೆಕ್ಕ ಹಾಕಿ ನೋಡಿ. 8ನೇ ತಾರೀಕು ಯಂತ್ರಕ್ಕೆ ಹೊಕ್ಕವನು 1ನೇ ತಾರೀಕಿಗೆ ಹೋಗಬೇಕಾದರೆ ಏಳು ದಿನ ಹಿಮ್ಮುಖವಾಗಿ ಬದುಕಲೇಬೇಕು, ಉಂಡು ಮಲಗಿ ಎದ್ದು. ಅಲ್ಲಿ ಇನ್ನೊಂದು ಯಂತ್ರದಲ್ಲಿ ಮತ್ತೆ ತಿರುಗಿ 8ರ ತನಕ ಮುಮ್ಮುಖ ಬದುಕಿದರೆ ಇನ್ನೂ ಏಳು ದಿನ. ಕ್ಯಾಲೆಂಡರ್ ಮತ್ತೆ 8ನ್ನೇ ತೋರಿಸುತ್ತಿರುತ್ತದೆ, ಅವನಿಗೆ ಮಾತ್ರ 14 ದಿನ ಹೆಚ್ಚು ವಯಸ್ಸಾಗಿರುತ್ತದೆ. ಮುಖ್ಯವಾದ ವಿಷಯ, ಆ 1ರಿಂದ 8ರ ನಡುವೆ ಅವನ ಮೂರು ರೂಪಗಳು ಒಟ್ಟಿಗೇ ಭೂಮಿಯ ಮೇಲೆ ಓಡಾಡುತ್ತಿರುತ್ತವೆ: ಮೊದಲಿನವನು, ಹಿಮ್ಮುಖನು, ಮತ್ತೆ ತಿರುಗಿದವನು. ಇದೊಂದನ್ನು ಹಿಡಿದರೆ ಮುಕ್ಕಾಲು ಸಿನಿಮಾ ಕೈಗೆ ಸಿಕ್ಕ ಹಾಗೆ. ಕ್ಯಾಟ್‌ಗೆ ಗುಂಡು ಬಿದ್ದ ಮೇಲೆ ಅವಳನ್ನು ಕಂಟೇನರ್‌ನಲ್ಲಿ ಮಲಗಿಸಿಕೊಂಡು ಎಸ್ಟೋನಿಯಾದ ಟ್ಯಾಲಿನ್‌ನಿಂದ ನಾರ್ವೆಯ ಆಸ್ಲೋಗೆ ಹಿಂದೆ ಹೋಗುವುದು ಇದೇ ಲೆಕ್ಕದಲ್ಲಿ.

ಉಳಿದ ನಿಯಮಗಳು ಕೆಲವೇ. ಹಿಮ್ಮುಖನ ಶ್ವಾಸಕೋಶಕ್ಕೆ ನಮ್ಮ ಗಾಳಿ ಹಿಡಿಸದು, ಅದಕ್ಕೇ ಮಾಸ್ಕ್. ತನ್ನದೇ ಇನ್ನೊಂದು ರೂಪವನ್ನು ಬರಿಮೈಯಲ್ಲಿ ಮುಟ್ಟಿದರೆ ಎರಡೂ ಇಲ್ಲವಾಗುತ್ತವೆ. ಬೆಂಕಿ ಸುಡುವ ಬದಲು ಚಳಿ ಹಿಡಿಸುತ್ತದೆ. ಯಂತ್ರದ ಪಕ್ಕದ ಗಾಜಿನಾಚೆ ನೀವು ಹೊರಬರುವುದು ನಿಮಗೇ ಕಾಣದಿದ್ದರೆ ಒಳಗೆ ಕಾಲಿಡಬೇಡಿ, ಇಟ್ಟರೆ ಹೊರಬರುವುದಿಲ್ಲ.

ಪ್ರ: ಆಸ್ಲೋ ಏರ್‌ಪೋರ್ಟಿನ ಹೊಡೆದಾಟದಲ್ಲಿ ಮಾಸ್ಕ್ ಹಾಕಿದ ಇಬ್ಬರು ಬರುತ್ತಾರೆ. ಆಮೇಲೆ ‘ಅದು ನಾನೇ’ ಅಂತ ನಾಯಕ ಹೇಳುತ್ತಾನೆ. ಇನ್ನೊಬ್ಬ ಯಾರು? (ಕಲಬುರಗಿಯಿಂದ)

ಉ: ಇನ್ನೊಬ್ಬನೂ ಅವನೇ. ಎಡವಿ ಬೀಳದವರು ಕಡಿಮೆ ಇರುವ ಜಾಗ ಇದು, ಹಾಗಾಗಿ ನಿಧಾನವಾಗಿ ಹೋಗೋಣ.

ನಾವು ಮೊದಲು ನೋಡುವುದು ಹೀಗೆ: ಯಂತ್ರದ ಎರಡು ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಎರಡರಿಂದಲೂ ಒಬ್ಬೊಬ್ಬ ಮುಸುಕುಧಾರಿ ಹೊರಬೀಳುತ್ತಾನೆ. ಒಬ್ಬ ನಮ್ಮ ಹಾಗೇ ಓಡುತ್ತಾನೆ, ಅವನನ್ನು ನಾಯಕನ ಜೊತೆಗಾರ ನೀಲ್ ಬೆನ್ನಟ್ಟುತ್ತಾನೆ. ಇನ್ನೊಬ್ಬ ವಿಚಿತ್ರವಾಗಿ, ಹಿಂದಿನಿಂದ ಮುಂದಕ್ಕೆ ಎನ್ನುವ ಹಾಗೆ ಹೊಡೆದಾಡುತ್ತಾನೆ. ಅವನ ಜೊತೆ ಕೈಕೈ ಮಿಲಾಯಿಸುವುದು ನಾಯಕ.

ಈಗ ಮುಸುಕುಧಾರಿಯ ಕಡೆಯಿಂದ ನೋಡಿ. ಟ್ಯಾಲಿನ್‌ನಿಂದ ಹಿಮ್ಮುಖವಾಗಿ ಬಂದ ನಾಯಕ ವಿಮಾನ ಡಿಕ್ಕಿಯ ಗಲಾಟೆಯಲ್ಲಿ ಶಟರ್ ಮೂಲಕ ಒಳಗೆ ನುಗ್ಗುತ್ತಾನೆ. ಹಳೆಯ ತಾನು ಎದುರಾಗುತ್ತಾನೆ, ಹೊಡೆದಾಟ ನಡೆಯುತ್ತದೆ. ಹೇಗೋ ತಪ್ಪಿಸಿಕೊಂಡು ಯಂತ್ರದೊಳಗೆ ಹೋಗುತ್ತಾನೆ. ಇನ್ನೊಂದು ಬಾಗಿಲಿನಿಂದ ಮುಮ್ಮುಖನಾಗಿ ಹೊರಬಂದು ಓಡುತ್ತಾನೆ. ಒಬ್ಬನೇ ಮನುಷ್ಯ, ಒಂದೇ ಸಲ ಯಂತ್ರ ಹೊಕ್ಕು ಹೊರಬಂದಿದ್ದಾನೆ. ಆದರೆ ಹೊಕ್ಕ ಅರ್ಧ ಕಾಲದಲ್ಲಿ ಹಿಂದಕ್ಕೆ, ಹೊರಬಂದ ಅರ್ಧ ಮುಂದಕ್ಕೆ. ಹಾಗಾಗಿ ಹೊರಗೆ ನಿಂತವರಿಗೆ ಆ ಕ್ಷಣದಲ್ಲಿ ಇಬ್ಬರು ಹುಟ್ಟಿದ ಹಾಗೆ ಕಾಣುತ್ತದೆ.

ಓಡಿದವನ ಮಾಸ್ಕ್ ಕಿತ್ತ ನೀಲ್ ಮುಖ ನೋಡಿ ಬಿಟ್ಟುಬಿಡುತ್ತಾನೆ. ಇನ್ನೊಬ್ಬನನ್ನು ಕೊಲ್ಲಬೇಡ ಎಂದು ನಾಯಕನನ್ನು ತಡೆಯುವವನೂ ಅವನೇ. ಎರಡನೇ ಸಲ ನೋಡುವಾಗ ನೀಲ್ ಪಾತ್ರ ಮಾಡಿದ ರಾಬರ್ಟ್ ಪ್ಯಾಟಿನ್ಸನ್ ಅವರ ಮುಖ ಗಮನಿಸಿ, ಗುಟ್ಟು ಅಲ್ಲೇ ಇದೆ. ತೋಳಿನ ಗಾಯವನ್ನೂ ನೋಡಿ. ಆಸ್ಲೋದಲ್ಲಿ ಹಳೆಯ ನಾಯಕ ಚುಚ್ಚುವ ಗಾಯ ಅದು. ಹಿಮ್ಮುಖನಿಗೆ ಚುಚ್ಚಿಸಿಕೊಳ್ಳುವ ಮೊದಲೇ ನೋವು ಶುರುವಾಗಿ ರಕ್ತ ಬರುತ್ತದೆ, ಚುಚ್ಚಿದ ಕ್ಷಣಕ್ಕೆ ವಾಸಿಯಾಗುತ್ತದೆ. ಇಡೀ ಚಿತ್ರದಲ್ಲಿ ನಿಯಮವನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದ ಇನ್ನೊಂದು ಜಾಗ ಸಿಗುವುದು ಕಷ್ಟ.

ಪ್ರ: ಕೊನೆಯ ಯುದ್ಧದಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತ ತಲೆಬುಡ ತಿಳಿಯಲಿಲ್ಲ. ನೀಲ್ ಎಷ್ಟು ಸಲ ಬರುತ್ತಾನೆ? (ಮಂಗಳೂರಿನಿಂದ)

ಉ: ಒಂದು ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಎಡದಿಂದ ಬಲಕ್ಕೆ ಗೆರೆ ಎಳೆದು 0ಯಿಂದ 10ರ ತನಕ ನಿಮಿಷ ಗುರುತಿಸಿ. 10ನೇ ನಿಮಿಷದಲ್ಲಿ ಸ್ಫೋಟ. ಕೆಂಪು ಪೆನ್ನಿನಲ್ಲಿ ಎಡದಿಂದ ಬಲಕ್ಕೆ ಬಾಣ ಹಾಕಿ, ಇದು ಕೆಂಪು ತಂಡ, ನಮ್ಮ ಹಾಗೆ ಮುಂದಕ್ಕೆ ಸಾಗುವವರು. ನೀಲಿ ಪೆನ್ನಿನಲ್ಲಿ ಬಲದಿಂದ ಎಡಕ್ಕೆ, ಇದು ಹಿಮ್ಮುಖ ತಂಡ. ನೀಲಿಯವರು ಯುದ್ಧದ ಕೊನೆಯಲ್ಲಿ ಇಳಿದು ಮೊದಲಿಗೆ ಬಂದು ಮುಗಿಸುತ್ತಾರೆ. ಹಾಗಾಗಿ ಅವರು ಕಂಡದ್ದನ್ನು ಕೆಂಪು ತಂಡಕ್ಕೆ ಹೊರಡುವ ಮೊದಲೇ ಹೇಳಬಹುದು. ‘ಟೆಂಪೊರಲ್ ಪಿನ್ಸರ್’ ಎಂದರೆ ಇಷ್ಟೇ. ಸರಿಯಾಗಿ ನಡುವೆ, 5ನೇ ನಿಮಿಷದಲ್ಲಿ, ಎರಡೂ ತಂಡ ಒಂದೇ ಕಟ್ಟಡಕ್ಕೆ ಹೊಡೆಯುತ್ತವೆ. ಪಾಳುಬಿದ್ದ ಕೆಳಭಾಗ ಎದ್ದು ಕೂಡಿಕೊಳ್ಳುತ್ತಿರುವಾಗಲೇ ಮೇಲ್ಭಾಗ ಸಿಡಿಯುತ್ತದೆ. ಅರೆಕ್ಷಣದ ಆ ಚಿತ್ರದಲ್ಲಿ ಇಡೀ ಯುದ್ಧದ ವಿನ್ಯಾಸ ಇದೆ. ತೋಳಿನ ಪಟ್ಟಿಯ ಬಣ್ಣ ನೋಡಿಕೊಳ್ಳಿ, ಧೂಳಿನಲ್ಲಿ ಮುಖ ಹುಡುಕುತ್ತ ಕೂರಬೇಡಿ. ಶತ್ರುಗಳು ಸರಿಯಾಗಿ ಕಾಣುವುದೇ ಇಲ್ಲ ಎನ್ನುವ ದೂರು ಹಲವರದ್ದು, ಅದು ನಿಜ. ನಿರ್ದೇಶಕರಿಗೆ ರೇಖಾಚಿತ್ರದ ಮೇಲಿದ್ದ ಆಸಕ್ತಿ ಎದುರಾಳಿಯ ಮೇಲೆ ಇರಲಿಲ್ಲ.

ನೀಲ್‌ಗೆ ಮೂರನೇ ಬಣ್ಣ ತೆಗೆದುಕೊಳ್ಳಿ. ಅವನು ನೀಲಿ ತಂಡದ ಜೊತೆ ಬಲಗಡೆಯಿಂದ ಶುರು ಮಾಡುತ್ತಾನೆ. ಹಿಂದಕ್ಕೆ ಬರುವಾಗ ಸುರಂಗದ ಬಾಯಲ್ಲಿ ಖಳನಾಯಕ ಸೇಟರ್‌ನ ಬಂಟ ವೋಲ್ಕೊವ್ ಬಾಂಬ್ ಕಟ್ಟುವುದನ್ನು ನೋಡುತ್ತಾನೆ. ಅಲ್ಲೇ ಇರುವ ಯಂತ್ರದಲ್ಲಿ ತಿರುಗಿ, ಈಗ ಎಡದಿಂದ ಬಲಕ್ಕೆ, ಟ್ರಕ್ ಓಡಿಸಿಕೊಂಡು ಹಾರ್ನ್ ಹೊಡೆಯುತ್ತ ಬರುತ್ತಾನೆ. ನಾಯಕ ಮತ್ತು ತಂಡದ ಮುಖ್ಯಸ್ಥ ಐವ್ಸ್ ಆಗಲೇ ಒಳಗೆ ಹೋಗಿಬಿಟ್ಟಿರುತ್ತಾರೆ. ಆಗ ಮೇಲೆ ಹೋಗಿ ಹಗ್ಗ ಇಳಿಬಿಟ್ಟು ಸ್ಫೋಟದ ಹೊತ್ತಿಗೆ ಇಬ್ಬರನ್ನೂ ಎಳೆದು ತೆಗೆಯುತ್ತಾನೆ. ಎಲ್ಲ ಮುಗಿದ ಮೇಲೆ ಬೀಳ್ಕೊಂಡು ಹೋಗುತ್ತಾನಲ್ಲ, ಅದು ಮತ್ತೊಮ್ಮೆ ಹಿಮ್ಮುಖನಾಗಲು. ಮೂರನೇ ಬಾಣ ಮತ್ತೆ ಬಲದಿಂದ ಎಡಕ್ಕೆ, ಸುರಂಗದ ಒಳಗೆ. ಗೇಟಿನ ಬೀಗ ತೆಗೆಯುವವನೂ ಗುಂಡು ತಿಂದು ಬೀಳುವವನೂ ಅವನೇ. ನಮಗೆ ಕಾಣುವುದು ತಿರುಗಾಮುರುಗಾ: ಬಿದ್ದಿದ್ದ ಹೆಣ ಎದ್ದು ನಿಲ್ಲುತ್ತದೆ, ಗುಂಡು ಗನ್ನಿಗೆ ವಾಪಸ್ ಹೋಗುತ್ತದೆ, ಗೇಟು ತೆರೆಯುತ್ತದೆ.

ಟ್ರಕ್ಕಿನಲ್ಲಿದ್ದ ನೀಲ್ ಬದುಕಿರುವಾಗಲೇ ಕೆಳಗೆ ಅವನ ಹೆಣ ಇರುವುದು ಹೇಗೆ ಎನ್ನುವುದು ಸಾಮಾನ್ಯವಾಗಿ ಬರುವ ಗೊಂದಲ. ಹೆಣವಾಗಿರುವವನು ಕೆಲವು ಗಂಟೆಯೋ ಏನೋ ಹೆಚ್ಚು ಬದುಕಿದ ನೀಲ್, ಅಷ್ಟೇ. ಗುರುತು ಬೇಕಾದರೆ ಬೆನ್ನಿನ ಚೀಲದಿಂದ ನೇತಾಡುವ ಕೆಂಪು ದಾರ ನೋಡಿ. ಮೊಟ್ಟಮೊದಲ ಆಪೆರಾ ದೃಶ್ಯದಲ್ಲಿ ನಾಯಕನನ್ನು ಉಳಿಸುವ ಮಾಸ್ಕ್‌ಧಾರಿಯ ಬೆನ್ನಲ್ಲೂ ಅದೇ ದಾರ ಇದೆ.

ಪ್ರ: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹುಡುಗರು ಕೇಳುತ್ತಾರೆ, ಇದರಲ್ಲಿ ವಿಜ್ಞಾನ ಎಷ್ಟು, ಬೂಸಿ ಎಷ್ಟು? (ಧಾರವಾಡದಿಂದ)

ಉ: ಬುಡದಲ್ಲಿರುವುದು ನಿಜವಾದ ಪ್ರಶ್ನೆಯೇ. ಒಂದು ಕಲ್ಲನ್ನು ಮೇಲಕ್ಕೆ ಎಸೆದ ವಿಡಿಯೋವನ್ನು ಉಲ್ಟಾ ಓಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ನ್ಯೂಟನ್ನನ ನಿಯಮಕ್ಕೆ ಎರಡು ದಿಕ್ಕೂ ಒಂದೇ. ಮೊಟ್ಟೆ ಒಡೆದ ವಿಡಿಯೋ ಉಲ್ಟಾ ಓಡಿಸಿದರೆ ಮಗುವಿಗೂ ಗೊತ್ತಾಗುತ್ತದೆ. ಆ ವ್ಯತ್ಯಾಸ ತರುವುದು ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆಯ ಅಳತೆ. ಅದು ತಾನಾಗಿ ಕಡಿಮೆಯಾಗುವುದಿಲ್ಲ ಎನ್ನುವುದೇ ಉಷ್ಣಗತಿ ವಿಜ್ಞಾನದ ಎರಡನೇ ನಿಯಮ. ಒಂದು ವಸ್ತುವಿನ ಎಂಟ್ರೊಪಿಯ ದಿಕ್ಕನ್ನಷ್ಟೇ ತಿರುಗಿಸಿದರೆ ಏನಾದೀತು ಎನ್ನುವುದು ಚಿತ್ರದ ಊಹೆ. ಕಾಲದಲ್ಲಿ ಹಿಂದಕ್ಕೆ ಸಾಗುವ ಎಲೆಕ್ಟ್ರಾನೇ ಪಾಸಿಟ್ರಾನ್ ಎಂದು ಭಾವಿಸಬಹುದು ಎನ್ನುವ ಭೌತವಿಜ್ಞಾನಿಗಳಾದ ವೀಲರ್ ಮತ್ತು ಫೈನ್‌ಮನ್ ಅವರ ವಿಚಾರವೂ ಸಂಭಾಷಣೆಯಲ್ಲಿ ಬರುತ್ತದೆ. ನೊಬೆಲ್ ಪುರಸ್ಕೃತ ಕಿಪ್ ಥಾರ್ನ್ ಅವರ ಜೊತೆ ನೋಲನ್ ಚರ್ಚಿಸಿದ್ದು ಹೌದು. ಆದರೆ ಇದು ‘ಇಂಟರ್‌ಸ್ಟೆಲ್ಲಾರ್’ ಥರ ಸಮೀಕರಣ ಇಟ್ಟುಕೊಂಡು ಮಾಡಿದ ಚಿತ್ರವಲ್ಲ.

ಎಲ್ಲಿ ಮುಗ್ಗರಿಸುತ್ತದೆ? ಮೊದಲು ಕಣ್ಣು. ನಾವು ನೋಡುವುದು ಬೆಳಕು ಕಣ್ಣಿನೊಳಗೆ ಬಂದಾಗ. ಹಿಮ್ಮುಖನ ಲೆಕ್ಕದಲ್ಲಿ ಬೆಳಕು ಅವನ ಕಣ್ಣಿನಿಂದ ಹೊರಟು ದೀಪಕ್ಕೆ ಹೋಗಬೇಕು, ಅಂದರೆ ಅವನಿಗೆ ಏನೂ ಕಾಣಬಾರದು. ಗಾಳಿಗೆ ಮಾಸ್ಕ್ ಕೊಟ್ಟ ಚಿತ್ರ ಬೆಳಕಿನ ವಿಷಯಕ್ಕೆ ಬಂದಾಗ ಸುಮ್ಮನಾಗುತ್ತದೆ. ಎರಡನೆಯದು ಗಾಜಿನ ತೂತು. ಹಿಮ್ಮುಖ ಗುಂಡು ಮುಂದೆ ತಾಗಲಿರುವ ಗಾಜಿನಲ್ಲಿ ಮೊದಲೇ ತೂತು ಇರುತ್ತದೆ. ಯಾವಾಗಿನಿಂದ? ಗಾಜು ಕಾರ್ಖಾನೆಯಿಂದ ಬಂದಿದ್ದೇ ತೂತಿನ ಜೊತೆಗಾ? ಕೂರಿಸಿದವನು ಸುಮ್ಮನಿದ್ದನಾ? ಇದಕ್ಕೆ ಗಟ್ಟಿ ಉತ್ತರ ಇಲ್ಲ. ತರಗತಿಯಲ್ಲಿ ಚರ್ಚೆಗೆ ಈ ಎರಡು ಸಾಕು, ಒಂದು ಪೀರಿಯಡ್ ಸರಾಗವಾಗಿ ಹೋಗುತ್ತದೆ. ಬೆಂಕಿಯಿಂದ ಚಳಿ ಹಿಡಿಯುವುದನ್ನು ಕೊನೆಗೆ ಕೊಡಿ: ಶಾಖ ಬಿಸಿಯಿಂದ ತಣ್ಣಗಿನ ಕಡೆಗೆ ಹರಿಯುವುದನ್ನು ಉಲ್ಟಾ ಮಾಡಿದರೆ ಆ ಫಲಿತಾಂಶ ಬರುತ್ತದೋ ಇಲ್ಲವೋ ಎಂದು ಹುಡುಗರೇ ಬಿಡಿಸಲಿ.

‘ಅರ್ಥ ಮಾಡಿಕೊಳ್ಳಲು ಹೋಗಬೇಡ, ಅನುಭವಿಸು’ ಎಂದು ವಿಜ್ಞಾನಿ ಬಾರ್ಬರಾ ಹೇಳುವ ಮಾತನ್ನು ಚಿತ್ರದ ಅಭಿಮಾನಿಗಳು ಗುರಾಣಿ ಮಾಡಿಕೊಂಡಿದ್ದಾರೆ. ಉಳಿದ ಎರಡು ಗಂಟೆ ಪೂರ್ತಿ ನಿಯಮ ವಿವರಿಸುವ ಚಿತ್ರದಲ್ಲಿ ಆ ಮಾತು ಅಷ್ಟು ಚೆನ್ನಾಗಿ ಹೊಂದುವುದಿಲ್ಲ.

ಪ್ರ: ನೀಲ್ ಅಂದರೆ ದೊಡ್ಡವನಾದ ಮ್ಯಾಕ್ಸ್ ಅಂತ ಎಲ್ಲ ಕಡೆ ಓದುತ್ತಿದ್ದೇನೆ. ನಿಜವಾ? (ಬೆಳಗಾವಿಯಿಂದ)

ಉ: ಚಿತ್ರದಲ್ಲಿ ಎಲ್ಲೂ ಹೇಳಿಲ್ಲ. ಲೆಕ್ಕಕ್ಕೆ ಸಿಗುತ್ತದಾ ಅಂದರೆ, ಸಿಗುತ್ತದೆ. ಮ್ಯಾಕ್ಸ್‌ಗೆ ಈಗ 10 ವರ್ಷ ಅಂದುಕೊಳ್ಳಿ. 20 ಆಗುವ ತನಕ ಬೆಳೆದು, ಆಮೇಲೆ 10 ವರ್ಷ ಹಿಮ್ಮುಖವಾಗಿ ಬದುಕಿದರೆ ಕಥೆಯ ಕಾಲಕ್ಕೆ 30 ವರ್ಷದವನಾಗಿ ಬಂದು ಸೇರಬಹುದು. ನಾಯಕನೇ ತನ್ನನ್ನು ವರ್ಷಗಳ ಹಿಂದೆ ಸೇರಿಸಿಕೊಂಡಿದ್ದು, ಅದು ನಾಯಕನಿಗೆ ಇನ್ನು ಮುಂದೆ ನಡೆಯಬೇಕಾದದ್ದು ಎಂದು ನೀಲ್ ಹೇಳುವುದರಿಂದ ಅವನು ವರ್ಷಗಟ್ಟಲೆ ಹಿಂದಕ್ಕೆ ಬಂದವನು ಎನ್ನುವುದಂತೂ ಖಚಿತ. ಆದರೆ ಹತ್ತು ವರ್ಷ ಮುಚ್ಚಿದ ಕೋಣೆಯಲ್ಲಿ, ಬೇರೆ ಗಾಳಿ ಉಸಿರಾಡುತ್ತ ಕಳೆಯಬೇಕು. ತಾಯಿಯನ್ನು ಕಂಡಾಗ ಅವನ ಮುಖದಲ್ಲಿ ಒಂದು ಎಳೆಯಾದರೂ ಕಾಣಬೇಕಿತ್ತಲ್ಲ? ನಮಗೆ ಕಾಣಲಿಲ್ಲ. ಈ ಊಹೆಯನ್ನು ಜನ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದಕ್ಕೆ ಕಾರಣ ಮೊದಲ ಉತ್ತರದಲ್ಲಿ ಹೇಳಿದ ಮೂರನೇ ದೂರು. ಚಿತ್ರ ಕೊಡದ ಕರುಳ ಸಂಬಂಧವನ್ನು ಪ್ರೇಕ್ಷಕರೇ ತಂದು ಜೋಡಿಸುತ್ತಿದ್ದಾರೆ.

ಪ್ರ: ವಿಮಾನ ಡಿಕ್ಕಿ ಹೊಡೆದಿದ್ದು ಗ್ರಾಫಿಕ್ಸಾ? (ಕೋಲಾರದಿಂದ)

ಉ: ನಿಜವಾದ ಹಳೆಯ ಬೋಯಿಂಗ್ 747 ವಿಮಾನ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನಲ್ಲಿ ಚಿತ್ರೀಕರಣವಾಯಿತು. ಸಣ್ಣ ಮಾದರಿ ಮತ್ತು ಗ್ರಾಫಿಕ್ಸ್‌ಗಿಂತ ಹಳೇ ವಿಮಾನ ಕೊಂಡು ಗುದ್ದಿಸುವುದೇ ಲಾಭ ಎಂದು ಲೆಕ್ಕ ಹಾಕಿದ್ದರಂತೆ.

ಪ್ರ: ಡಿಂಪಲ್ ಕಪಾಡಿಯಾ ಪಾತ್ರ ನಿಜಕ್ಕೂ ಮುಖ್ಯವಾದದ್ದಾ, ಇಲ್ಲ ನಮ್ಮ ಮಾರ್ಕೆಟ್‌ಗೆ ಸೇರಿಸಿದ್ದಾ? (ಮೈಸೂರಿನಿಂದ)

ಉ: ಮುಖ್ಯವಾದದ್ದೇ. ಶಸ್ತ್ರ ವ್ಯಾಪಾರಿ ಎಂದು ಎಲ್ಲರೂ ಹುಡುಕಿಕೊಂಡು ಬರುವುದು ಗಂಡ ಸಂಜಯ್ ಸಿಂಗ್‌ನನ್ನು. ವ್ಯವಹಾರ ನಡೆಸುವವಳು ಹೆಂಡತಿ ಪ್ರಿಯಾ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನಲ್ಲಿ ಚಿತ್ರೀಕರಣ ನಡೆಯಿತು. ಕಥೆಯ ಕೊನೆಯ ಗುಂಡು ಬೀಳುವುದೂ ಅವಳ ಮೇಲೆಯೇ. ನಮ್ಮ ದೃಷ್ಟಿಯಲ್ಲಿ ಚಿತ್ರದಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವ ಕೆಲವೇ ಪಾತ್ರಗಳಲ್ಲಿ ಅದೊಂದು!

ಪ್ರ: ಒಂದು ಚಿತ್ರಕ್ಕೆ ಹೀಗೆ ಜನ ಎರಡು ಪಾಲಾಗುವುದು ಈಗಿನ ಫ್ಯಾಷನ್ನಾ? ಕನ್ನಡದಲ್ಲಿ ಇಂಥದ್ದು ಬಂದಿದೆಯಾ? (ತುಮಕೂರಿನಿಂದ)

ಉ: ಹಳೆಯದೇ. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ 1968ರ ಏಪ್ರಿಲ್‌ನಲ್ಲಿ ಬಂದಾಗ ಮೊದಲ ಪ್ರದರ್ಶನಗಳಲ್ಲೇ ಜನ ಎದ್ದು ಹೋಗಿದ್ದರು. ಅದರಲ್ಲಿ ಮೊದಲ ಮಾತು ಕೇಳಿಸುವುದೇ ಸುಮಾರು 25 ನಿಮಿಷ ಕಳೆದ ಮೇಲೆ. ಕುಬ್ರಿಕ್ ಕೂಡಲೇ ಸುಮಾರು 19 ನಿಮಿಷ ಕತ್ತರಿಸಿದರು. ಆದರೂ ನ್ಯೂಯಾರ್ಕಿನ ದೊಡ್ಡ ವಿಮರ್ಶಕರಲ್ಲಿ ಹಲವರು ಬೈದರು. ಅದನ್ನು ಉಳಿಸಿದ್ದು ಮತ್ತೆ ಮತ್ತೆ ಟಿಕೆಟ್ ಕೊಂಡ ಯುವಕರು. ಒಂದು ವ್ಯತ್ಯಾಸ ಮಾತ್ರ ಗಮನಿಸಿ: ಕುಬ್ರಿಕ್ ವಿವರಣೆಯನ್ನೇ ಕೊಡಲಿಲ್ಲ ಎಂದು ಜನ ಸಿಟ್ಟಾದರು, ನೋಲನ್ ಕೊಟ್ಟ ವಿವರಣೆ ಕೇಳಿಸಲಿಲ್ಲ ಎಂದು ಸಿಟ್ಟಾದರು.

ಕನ್ನಡಕ್ಕೆ ಬಂದರೆ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಇದೆ, ಜನರೇ ದುಡ್ಡು ಹಾಕಿ ಮಾಡಿಸಿದ ಚಿತ್ರ. ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನ ಬದುಕು ಬಣ್ಣದಲ್ಲಿ, ಸಿನಿಮಾ ನಟನ ಬದುಕು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ ಎನ್ನುವುದು ಕೊನೆಗೆ ತಿರುಗಿಬೀಳುತ್ತದೆ. ಅಲ್ಲಿಯೂ ಒಂದೇ ಸಲ ನೋಡಿ ‘ಏನೂ ತಿಳೀಲಿಲ್ಲ’ ಅಂದವರಿದ್ದರು. ಆದರೆ ಆ ಹುಡುಗನ ಪ್ರೀತಿ, ಪರದಾಟ ಎಲ್ಲರಿಗೂ ತಿಳಿದಿತ್ತು. ಗಂಟು ಬಿಡಿಸಲಾಗದವರೂ ಬೈಯದೆ ಹೊರಬಂದರು.

ಪ್ರ: ಮಗಳಿಗೆ 12 ವರ್ಷ. ನಾನೂ ನೋಡ್ತೀನಿ ಅಂತ ಹಟ ಮಾಡುತ್ತಿದ್ದಾಳೆ. ತೋರಿಸಬಹುದಾ? (ಉಡುಪಿಯಿಂದ)

ಉ: ಅಮೆರಿಕದಲ್ಲಿ ಇದಕ್ಕೆ 13 ವರ್ಷದೊಳಗಿನವರ ಬಗ್ಗೆ ಪೋಷಕರು ಎಚ್ಚರ ವಹಿಸಬೇಕೆನ್ನುವ ಪಿಜಿ-13 ಸರ್ಟಿಫಿಕೇಟ್ ಇದೆ. ಗುಂಡಿನ ಕಾಳಗ ಬೇಕಾದಷ್ಟಿದೆ, ರಕ್ತ ಕಡಿಮೆ. ಹಿಂಸೆ ಇರುವುದು ಬೇರೆ ಕಡೆ: ಶುರುವಿನಲ್ಲಿ ಹಲ್ಲು ಕೀಳುವ ಚಿತ್ರಹಿಂಸೆ, ಆಮೇಲೆ ಖಳನಾಯಕ ಸೇಟರ್ ತನ್ನ ಹೆಂಡತಿ ಕ್ಯಾಟ್‌ಳನ್ನು ಹೆದರಿಸಿ ಹೊಡೆಯುವ ದೃಶ್ಯಗಳು. ಎರಡನೆಯದು ಮಕ್ಕಳಿಗೆ ಹೆಚ್ಚು ನಾಟುತ್ತದೆ, ಜೊತೆಯಲ್ಲೇ ಕೂತು ನೋಡಿ. 150 ನಿಮಿಷದ ಚಿತ್ರ, ಒಂದೇ ಉಸಿರಿಗೆ ಬೇಡ. ಟ್ಯಾಲಿನ್‌ನಲ್ಲಿ ಕೆಂಪು-ನೀಲಿ ಕೋಣೆಯ ವಿಚಾರಣೆ ಮುಗಿದು ನಾಯಕ ಮೊದಲ ಸಲ ಯಂತ್ರದೊಳಗೆ ಹೋಗಲು ಸಿದ್ಧನಾಗುವಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಿ. ಚಿತ್ರ ತಿರುಗುವುದೂ ಅಲ್ಲೇ, ಹಾಗಾಗಿ ಎಳೆ ತಪ್ಪುವುದಿಲ್ಲ.